ಗಿಟಾರ್‌ನಲ್ಲಿ ಸ್ಕೇಲ್ ಅಭ್ಯಾಸ: ಏಕೆ ಬೇಕು, ಹೇಗೆ ಮಾಡಬೇಕು

ಗಿಟಾರ್ ಕಲಿಯಲು ತೊಡಗಿ ಕೆಲವು ತಿಂಗಳು ಕಳೆದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ನಮಗೆ ಬೇಕಾಗಿರುವುದು ಹಾಡು ನುಡಿಸುವುದು; ಹೀಗಿರುವಾಗ ದಿನವೂ ಸ್ಕೇಲ್‌ಗಳನ್ನೂ (ಕ್ರಮವಾಗಿ ಏರಿಳಿಯುವ ಸ್ವರಗಳ ಸಾಲು) ಬೆರಳಿನ ಕಸರತ್ತುಗಳನ್ನೂ ಮಾಡುತ್ತ ಕೂರುವುದರಿಂದ ಏನು ಸಿಗುತ್ತದೆ? ಸ್ವಲ್ಪ ಮುಂದೆ ಹೋದವರ ಪ್ರಶ್ನೆ ಬೇರೆ ಬಗೆಯದು: ವರ್ಷದಿಂದ ಬಿಡದೆ ಸ್ಕೇಲ್ ನುಡಿಸಿದರೂ ಹಾಡಿಗೆ ಬಂದಾಗ ಬೆರಳು ತಡವರಿಸುವುದೇಕೆ? ಈ ಎರಡು ಪ್ರಶ್ನೆಗಳಿಗೂ ಮೂಲ ಒಂದೇ. ಸ್ಕೇಲ್ ನುಡಿಸುವಾಗ ಯಾವುದನ್ನು ಗಮನಿಸಬೇಕು ಎಂಬುದು ಇಬ್ಬರಿಗೂ ಸ್ಪಷ್ಟವಾಗಿಲ್ಲ.

ಹಾಡೊಂದನ್ನು ನುಡಿಸುವಾಗ ಮುಂದಿನ ಸ್ವರ ಯಾವುದೆಂಬ ನೆನಪು, ಲಯ, ಒಂದು ತಂತಿಯಿಂದ ಇನ್ನೊಂದಕ್ಕೆ ಹೋಗುವುದು, ಒತ್ತುವ ಕೈ ಮತ್ತು ಮೀಟುವ ಕೈಗಳ ಹೊಂದಾಣಿಕೆ ಇವೆಲ್ಲವೂ ಒಟ್ಟಿಗೇ ನಡೆಯಬೇಕಾಗುತ್ತದೆ. ತಪ್ಪಾದಾಗ ಅದು ಇವುಗಳಲ್ಲಿ ಯಾವುದರಿಂದ ಆಯಿತೆಂದು ತಿಳಿಯುವುದು ಕಷ್ಟ. ಸ್ಕೇಲ್‌ನಲ್ಲಾದರೋ ಮುಂದಿನ ಸ್ವರ ಯಾವುದೆಂದು ಯೋಚಿಸಬೇಕಾಗಿಲ್ಲ. ಆದ್ದರಿಂದ ಮನಸ್ಸು ಒಂದೇ ವಿಷಯದ ಮೇಲೆ ನಿಲ್ಲಲು ಸಾಧ್ಯ. ಸ್ಕೇಲ್‌ನ ಬೆಲೆ ಇರುವುದು ಈ ಬಿಡುವಿನಲ್ಲಿ. ಆ ಬಿಡುವನ್ನು ಬಳಸಿಕೊಳ್ಳದೆ, ಮನಸ್ಸನ್ನು ಬೇರೆಲ್ಲೋ ಬಿಟ್ಟು ಬೆರಳುಗಳನ್ನು ಮಾತ್ರ ಓಡಿಸಿದರೆ, ಈಗಾಗಲೇ ಇರುವ ತಪ್ಪುಗಳೇ ಇನ್ನಷ್ಟು ಗಟ್ಟಿಯಾಗುತ್ತವೆ. ಕೆಳಗಿನ ಪ್ರತಿಯೊಂದು ಹಂತದಲ್ಲೂ ಗಮನ ಎಲ್ಲಿರಬೇಕೆಂಬುದನ್ನು ಹೇಳಿರುವುದು ಇದೇ ಕಾರಣಕ್ಕೆ.

ಮೊದಲು ಬೇಕಾಗುವುದು

ಗಿಟಾರ್, ಶ್ರುತಿ ಮಾಡಲು ಟ್ಯೂನರ್, ಲಯ ಹಿಡಿಯಲು ಮೆಟ್ರೊನೋಮ್ (ನಿಗದಿತ ವೇಗದಲ್ಲಿ ಟಕ್ ಟಕ್ ಎಂದು ತಾಳ ಹಾಕುವ ಸಾಧನ), ಕೈತೋಳುಗಳಿಲ್ಲದ ಕುರ್ಚಿ ಮತ್ತು ಒಂದು ನೋಟ್‌ಬುಕ್. ಟ್ಯೂನರ್, ಮೆಟ್ರೊನೋಮ್ ಎರಡೂ ಮೊಬೈಲ್ ಆ್ಯಪ್‌ನಲ್ಲಿ ಸಿಗುತ್ತವೆ. ಅದೇ ಮೊಬೈಲ್ ರೆಕಾರ್ಡಿಂಗ್‌ಗೂ ಸಾಕು.

ಹೆಚ್ಚಿನವರು ಗಮನಿಸದ ಒಂದು ವಿಷಯವೆಂದರೆ ಫ್ರೆಟ್‌ಬೋರ್ಡ್‌ನಿಂದ, ಅಂದರೆ ಬೆರಳೊತ್ತುವ ಹಲಗೆಯಿಂದ, ತಂತಿಗಳು ಎಷ್ಟು ಎತ್ತರದಲ್ಲಿವೆ ಎಂಬುದು. ಇದನ್ನು ಆ್ಯಕ್ಷನ್ ಎನ್ನುತ್ತಾರೆ. 12ನೆಯ ಫ್ರೆಟ್‌ನ (ಆ ಹಲಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಮೇಲ್ಭಾಗದಿಂದ ತಂತಿಯ ತಳದವರೆಗೆ ಅಳೆದರೆ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಸುಮಾರು 1.5ರಿಂದ 2 ಮಿಲಿಮೀಟರ್, ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರ್‌ನಲ್ಲಿ 2ರಿಂದ 2.5, ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ನಲ್ಲಿ 3ರಿಂದ 4 ಮಿಲಿಮೀಟರ್ ಇರುವುದು ಸಾಮಾನ್ಯ. ಇದಕ್ಕಿಂತ ಬಹಳ ಹೆಚ್ಚಿದ್ದರೆ ಅಭ್ಯಾಸ ಆರಂಭಿಸುವ ಮೊದಲೇ ವಾದ್ಯ ರಿಪೇರಿ ಬಲ್ಲವರಿಂದ ಸರಿಪಡಿಸಿಕೊಳ್ಳಿ. ಎತ್ತರದ ತಂತಿಗಳ ಮೇಲೆ ದಿನವೂ ಸಾಧನೆ ಮಾಡಿದರೆ ಬೆರಳು ಬಲಿಯುತ್ತದೆ ಎಂಬ ಮಾತನ್ನು ನಂಬಬೇಡಿ. ಅದರಿಂದ ಬಲಿಯುವುದು ಅನಗತ್ಯವಾಗಿ ಅದುಮುವ ಚಾಳಿ ಮಾತ್ರ.

ಮುಂದೆ ಬರುವ ಕೆಲವು ಪದಗಳನ್ನು ಇಲ್ಲಿಯೇ ವಿವರಿಸಿಬಿಡುತ್ತೇನೆ. ಅತಿ ತೆಳುವಾದ ತಂತಿ ಒಂದನೆಯದು, ಅತಿ ದಪ್ಪನೆಯದು ಆರನೆಯದು. ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಅವುಗಳ ಸ್ವರಗಳು ಕ್ರಮವಾಗಿ ಇ, ಎ, ಡಿ, ಜಿ, ಬಿ, ಇ. ಒಂದು ಫ್ರೆಟ್‌ನಿಂದ ಪಕ್ಕದ ಫ್ರೆಟ್‌ಗೆ ಅರ್ಧ ಸ್ವರದ ಅಂತರ. 12 ಫ್ರೆಟ್ ಏರಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ. ನಿರ್ದಿಷ್ಟ ಅಂತರಗಳಲ್ಲಿ ಜೋಡಿಸಿದ ಸ್ವರಗಳ ಸಾಲೇ ಸ್ಕೇಲ್. ಮೇಜರ್ ಸ್ಕೇಲ್‌ನಲ್ಲಿ ಆ ಅಂತರಗಳು ಫ್ರೆಟ್‌ಗಳ ಲೆಕ್ಕದಲ್ಲಿ 2, 2, 1, 2, 2, 2, 1. ಶಂಕರಾಭರಣ ರಾಗದ ಸ್ವರಸ್ಥಾನಗಳು ಇವೇ ಆಗಿರುವುದರಿಂದ ಅದನ್ನು ಕೇಳಿ ಬಲ್ಲವರಿಗೆ ಮೇಜರ್ ಸ್ಕೇಲ್ ಕಿವಿಗೆ ಹೊಸದಲ್ಲ. ಒತ್ತುವ ಕೈಯ ತೋರುಬೆರಳು 1, ನಡುಬೆರಳು 2, ಉಂಗುರ ಬೆರಳು 3, ಕಿರುಬೆರಳು 4 ಎಂದು ಇಟ್ಟುಕೊಳ್ಳೋಣ. ಎಡಗೈ ಬಲಗೈ ಎನ್ನದೆ ಒತ್ತುವ ಕೈ, ಮೀಟುವ ಕೈ ಎಂದೇ ಬರೆಯುತ್ತೇನೆ. ಎಡಚರಿಗೂ ಈ ಲೇಖನ ಉಪಯೋಗವಾಗಬೇಕು.

ಹಂತ 1: ಎಷ್ಟು ಒತ್ತಿದರೆ ಸಾಕು?

ಮೂರನೆಯ ತಂತಿಯ 5ನೆಯ ಫ್ರೆಟ್‌ನಲ್ಲಿ ತೋರುಬೆರಳನ್ನು ತಂತಿಗೆ ಮುಟ್ಟಿಸಿ, ಒತ್ತದೆ ಮೀಟಿ. ಮಂದವಾದ ಟಪ್ ಎಂಬ ಸದ್ದು ಬರುತ್ತದೆ. ಈಗ ಮೀಟುತ್ತಲೇ ಸ್ವಲ್ಪ ಸ್ವಲ್ಪವಾಗಿ ಒತ್ತಡ ಹೆಚ್ಚಿಸಿ. ಮೊದಲು ಗರಗರ ಸದ್ದು ಬಂದು, ಬಳಿಕ ಒಂದು ಘಟ್ಟದಲ್ಲಿ ಸ್ವರ ಶುದ್ಧವಾಗಿ ಕೇಳುತ್ತದೆ. ಅಷ್ಟೇ ಒತ್ತಡ ಸಾಕು; ಅದಕ್ಕಿಂತ ಹೆಚ್ಚಿನದೆಲ್ಲ ದಂಡ. ಬೆರಳನ್ನು ಎರಡು ಫ್ರೆಟ್‌ಗಳ ನಡುಮಧ್ಯದಲ್ಲಿ ಇಡದೆ, ಫ್ರೆಟ್‌ನ ಲೋಹದ ಪಟ್ಟಿಯ ಹಿಂದೆಯೇ ಅದಕ್ಕೆ ತಾಗುವಷ್ಟು ಹತ್ತಿರ ಇಟ್ಟು ಇದೇ ಪ್ರಯೋಗ ಮಾಡಿದರೆ ಬೇಕಾಗುವ ಬಲ ಇನ್ನೂ ಕಡಿಮೆಯಾಗುವುದು ನಿಮಗೇ ತಿಳಿಯುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ಹೆಬ್ಬೆರಳಿನದು. ಗಿಟಾರ್‌ನ ಕತ್ತನ್ನು ಹಿಂದಿನಿಂದ ಹಿಂಡುವುದು ಅದರ ಕೆಲಸವಲ್ಲ. ಸ್ಕೇಲ್ ನುಡಿಸುತ್ತಿರುವಾಗಲೇ ಆಗಾಗ ಹೆಬ್ಬೆರಳನ್ನು ಕ್ಷಣಕಾಲ ಪೂರ್ತಿ ತೆಗೆದು ನೋಡಿ. ಸ್ವರ ನಿಂತೇಹೋದರೆ ನೀವು ತೋಳಿನ ಭಾರವನ್ನು ಬಳಸದೆ ಬರಿಯ ಹಿಡಿತದಿಂದ ಒತ್ತುತ್ತಿದ್ದೀರಿ ಎಂದರ್ಥ. ಈ ಹಂತಕ್ಕೆ ದಿನಕ್ಕೆ ಎರಡು ನಿಮಿಷ ಸಾಕು, ಆದರೆ ವರ್ಷಗಳು ಕಳೆದ ಮೇಲೂ ಇದನ್ನು ಬಿಡಬೇಡಿ.

ಹಂತ 2: ನಾಲ್ಕು ಬೆರಳಿನ ಸಾಧನೆ

ಆರನೆಯ ತಂತಿಯಲ್ಲಿ 5, 6, 7, 8ನೆಯ ಫ್ರೆಟ್‌ಗಳನ್ನು ಕ್ರಮವಾಗಿ 1, 2, 3, 4ನೆಯ ಬೆರಳುಗಳಿಂದ ಒತ್ತಿ ನುಡಿಸಿ, ಅದನ್ನೇ ಐದನೆಯ ತಂತಿಯಲ್ಲಿ, ಹೀಗೆ ಒಂದನೆಯ ತಂತಿಯವರೆಗೆ ಬಂದು, 4, 3, 2, 1 ಎಂದು ಹಿಂದಿರುಗಿ. ಮೊದಲ ಫ್ರೆಟ್‌ನಿಂದ ಆರಂಭಿಸಬೇಡಿ. 648 ಮಿಲಿಮೀಟರ್ ತಂತಿಯಳತೆಯ ಗಿಟಾರ್‌ನಲ್ಲಿ ಮೊದಲ ಫ್ರೆಟ್‌ನ ಜಾಗದ ಅಗಲ ಸುಮಾರು 36 ಮಿಲಿಮೀಟರ್, 5ನೆಯದರದು ಸುಮಾರು 29; ಮೊದಲ ಫ್ರೆಟ್‌ಗಳಲ್ಲಿ ಬೆರಳುಗಳನ್ನು ಹೆಚ್ಚು ಚಾಚಬೇಕಾಗುತ್ತದೆ. ಕೈ ಸಡಿಲವಾದ ಬಳಿಕ ಒಂದೊಂದೇ ಫ್ರೆಟ್ ಕೆಳಗಿಳಿಯುತ್ತ ಬರಬಹುದು.

ಒಂದು ಬೆರಳು ಕೆಲಸ ಮಾಡುವಾಗ ಉಳಿದ ಮೂರು ಏನು ಮಾಡುತ್ತಿವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಏರುವಾಗ ಒತ್ತಿದ ಬೆರಳುಗಳು ತಂತಿಯ ಮೇಲೆಯೇ ಉಳಿಯಲಿ. ತಂತಿ ಬದಲಿಸುವಾಗ ಒಂದೊಂದಾಗಿ ಸರಿಯಲಿ. ಎತ್ತಿದ ಬೆರಳು ತಂತಿಯಿಂದ ಒಂದು ಸೆಂಟಿಮೀಟರ್‌ಗಿಂತ ದೂರ ಹೋಗದಿರಲಿ. ಉಂಗುರ ಬೆರಳು ಮತ್ತು ಕಿರುಬೆರಳು ಹೇಳಿದ ಮಾತು ಕೇಳದಿದ್ದರೆ ನಿರಾಶೆಗೊಳ್ಳಬೇಡಿ. ಅಂಗೈಯ ಹಿಂಬದಿಯಲ್ಲಿ ಈ ಬೆರಳುಗಳ ಸ್ನಾಯುರಜ್ಜುಗಳು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು, ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಉಂಗುರ ಬೆರಳೊಂದನ್ನೇ ಎತ್ತುವುದು ಯಾರಿಗಾದರೂ ಕಷ್ಟವೇ. ಅಭ್ಯಾಸದಿಂದ ಆ ಬೆಸುಗೆ ಬಿಡುವುದಿಲ್ಲ, ಆದರೆ ಇರುವ ಚಲನೆಯನ್ನು ಚಿಕ್ಕದಾಗಿಯೂ ನಿಖರವಾಗಿಯೂ ಬಳಸಲು ಕೈ ಕಲಿಯುತ್ತದೆ.

ನಾಲ್ಕು ಬೆರಳುಗಳನ್ನು 24 ಕ್ರಮಗಳಲ್ಲಿ ಜೋಡಿಸಬಹುದು: 1-3-2-4, 1-4-2-3, 2-4-1-3 ಹೀಗೆ. ವಾರಕ್ಕೊಂದನ್ನು ಆಯ್ದುಕೊಂಡರೆ ಆರು ತಿಂಗಳಿಗೆ ಸಾಕಾಗುತ್ತದೆ. ಆದರೆ ದಿನಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಸಮಯವನ್ನು ಇದಕ್ಕೆ ಕೊಡಬೇಡಿ. ಹೀಗೆ ನಾಲ್ಕು ಅರ್ಧಸ್ವರಗಳನ್ನು ಪ್ರತಿ ತಂತಿಯಲ್ಲೂ ನುಡಿಸುವ ಸಂದರ್ಭ ಸಂಗೀತದಲ್ಲಿ ಬರುವುದೇ ಅಪರೂಪ. ಅರ್ಧ ಗಂಟೆ ಇದನ್ನೇ ಮಾಡಿ ಅಭ್ಯಾಸ ಮುಗಿಯಿತೆಂದುಕೊಳ್ಳುವವರು ಕಿವಿಯನ್ನು ಪೂರ್ತಿಯಾಗಿ ಹೊರಗಿಟ್ಟು ಬೆರಳನ್ನು ಮಾತ್ರ ದುಡಿಸುತ್ತಿರುತ್ತಾರೆ.

ಹಂತ 3: ಮೀಟುವ ಕೈ

ಒತ್ತುವ ಕೈಯತ್ತ ಎಲ್ಲರ ದೃಷ್ಟಿಯೂ ಹೋಗುತ್ತದೆ. ಮೀಟುವ ಕೈ ತಾನಾಗಿಯೇ ಕಲಿತುಕೊಳ್ಳುತ್ತದೆ ಎಂಬ ಭಾವನೆ ಇದೆ. ವಾಸ್ತವದಲ್ಲಿ ನಾದದ ಗುಣ, ಗಟ್ಟಿ ಮೆದು, ಲಯ ಎಲ್ಲವೂ ಬಹುಮಟ್ಟಿಗೆ ಆ ಕೈಯಲ್ಲಿಯೇ ಇವೆ. ಆದ್ದರಿಂದ ಮೊದಲು ಏನನ್ನೂ ಒತ್ತದೆ, ಬಿಡಿ ತಂತಿಗಳ ಮೇಲೆಯೇ ಅಭ್ಯಾಸ ಮಾಡಿ.

ಬೆರಳಿನಿಂದ ನುಡಿಸುವವರು ತೋರುಬೆರಳು ಮತ್ತು ನಡುಬೆರಳನ್ನು ತಪ್ಪದೆ ಸರದಿಯಂತೆ ಬಳಸಬೇಕು. ಪ್ರತಿ ತಂತಿಯಲ್ಲಿ ನಾಲ್ಕು ಸಲ, ಬಳಿಕ ಮೂರು ಸಲ ಮೀಟುತ್ತ ತಂತಿ ಬದಲಿಸಿ. ತೆಳು ತಂತಿಯಿಂದ ದಪ್ಪ ತಂತಿಯ ಕಡೆಗೆ ಬರುವಾಗ ಅದೇ ಬೆರಳು ಜಾರಿ ಮುಂದಿನ ತಂತಿಯನ್ನೂ ಮೀಟಿಬಿಡುವುದು ಬಹಳ ಸಾಮಾನ್ಯ. ನಿಧಾನವಾಗಿ ನುಡಿಸುವಾಗ ಇದು ಗೊತ್ತಾಗುವುದಿಲ್ಲ, ವೇಗ ಹೆಚ್ಚಿದಾಗ ಮುಗ್ಗರಿಸುವುದಕ್ಕೆ ಇದೇ ಕಾರಣವಾಗುತ್ತದೆ.

ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬಳಸುವವರು ಒಮ್ಮೆ ಕೆಳಮುಖ, ಒಮ್ಮೆ ಮೇಲ್ಮುಖವಾಗಿ ಮೀಟುವುದನ್ನು ತಂತಿ ಬದಲಾದಾಗಲೂ ಬಿಡಬಾರದು. ಒಂದು ತಂತಿಯಲ್ಲಿ ಮೂರು ಸ್ವರಗಳಿದ್ದರೆ ಮುಂದಿನ ತಂತಿಯ ಮೊದಲ ಮೀಟು ಹಿಂದಿನ ತಂತಿಯ ಮೊದಲ ಮೀಟಿಗೆ ವಿರುದ್ಧ ದಿಕ್ಕಿನದಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಪಿಕ್‌ನ ತುದಿ ಮಾತ್ರ ತಂತಿಗೆ ತಾಗಲಿ. ಆಳವಾಗಿ ಇಳಿದಷ್ಟೂ ಹೊರಗೆ ಬರಲು ಹೊತ್ತು ಹಿಡಿಯುತ್ತದೆ.

ಇಟಲಿಯ ಗಿಟಾರ್ ವಾದಕ ಮೌರೊ ಜೂಲಿಯಾನಿ 1812ರಲ್ಲಿ ಮೀಟುವ ಕೈಗೆಂದೇ 120 ಸಾಧನೆಗಳನ್ನು ಪ್ರಕಟಿಸಿದನು. ಅವುಗಳಲ್ಲಿ ಒತ್ತುವ ಕೈಗೆ ಇರುವುದು ಎರಡೇ ಕಾರ್ಡ್‌ಗಳು (ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು): ಸಿ ಮೇಜರ್ ಮತ್ತು ಜಿ ಸೆವೆಂತ್. ಒಂದು ಕೈಯ ಕೆಲಸವನ್ನು ಅಷ್ಟು ಸುಲಭಗೊಳಿಸಿದ್ದರಿಂದಲೇ ಇನ್ನೊಂದು ಕೈಯನ್ನು ಅಷ್ಟು ಸೂಕ್ಷ್ಮವಾಗಿ ತಿದ್ದಲು ಸಾಧ್ಯವಾಯಿತು. ಸಾಧನೆ ಎಂದರೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಹಂತ 4: ಒಂದೇ ಒಂದು ಮೇಜರ್ ಸ್ಕೇಲ್

ಹತ್ತಾರು ಸ್ಕೇಲ್‌ಗಳ ನಕ್ಷೆಗಳನ್ನು ಒಟ್ಟುಗೂಡಿಸುವ ಮೊದಲು ಒಂದನ್ನು ಪೂರ್ತಿ ನಿಮ್ಮದಾಗಿಸಿಕೊಳ್ಳಿ. ಎರಡು ಸ್ಥಾಯಿಗಳ ಜಿ ಮೇಜರ್ ಸ್ಕೇಲ್ ಹೀಗಿದೆ:

ಆರನೆಯ ತಂತಿ: ಫ್ರೆಟ್ 3, 5 (ಬೆರಳು 2, 4)
ಐದನೆಯ ತಂತಿ: ಫ್ರೆಟ್ 2, 3, 5 (ಬೆರಳು 1, 2, 4)
ನಾಲ್ಕನೆಯ ತಂತಿ: ಫ್ರೆಟ್ 2, 4, 5 (ಬೆರಳು 1, 3, 4)
ಮೂರನೆಯ ತಂತಿ: ಫ್ರೆಟ್ 2, 4, 5 (ಬೆರಳು 1, 3, 4)
ಎರಡನೆಯ ತಂತಿ: ಫ್ರೆಟ್ 3, 5 (ಬೆರಳು 2, 4)
ಒಂದನೆಯ ತಂತಿ: ಫ್ರೆಟ್ 2, 3 (ಬೆರಳು 1, 2)

ಇದರಲ್ಲಿ ಬಿಡಿ ತಂತಿಗಳಿಲ್ಲದ ಕಾರಣ ಇಡೀ ಆಕೃತಿಯನ್ನು ಹಾಗೆಯೇ ಮೇಲೆ ಸರಿಸಬಹುದು. ನಡುಬೆರಳು ಆರನೆಯ ತಂತಿಯ 5ನೆಯ ಫ್ರೆಟ್‌ನಿಂದ ಆರಂಭಿಸಿದರೆ ಎ ಮೇಜರ್, 8ನೆಯ ಫ್ರೆಟ್‌ನಿಂದ ಆರಂಭಿಸಿದರೆ ಸಿ ಮೇಜರ್.

ಮೊದಲ ವಾರ ಕೆಳಗಿನ ಸ್ಥಾಯಿಯನ್ನು ಮಾತ್ರ ನುಡಿಸಿ. ನುಡಿಸುವಾಗ ಸ್ವರದ ಹೆಸರನ್ನು ಬಾಯಲ್ಲಿ ಹೇಳಿ: ಜಿ, ಎ, ಬಿ, ಸಿ, ಡಿ, ಇ, ಎಫ್ ಶಾರ್ಪ್ (ಎಫ್‌ಗಿಂತ ಅರ್ಧ ಸ್ವರ ಮೇಲಿನದು), ಜಿ. ಸಾಧ್ಯವಾದರೆ ಹಾಡಿಕೊಳ್ಳಿ. ಆಕೃತಿಯನ್ನು ಕಣ್ಣಿಂದ ಮಾತ್ರ ಕಲಿತವರಿಗೆ ನಡುವೆ ಎಲ್ಲಿಂದಾದರೂ ಆರಂಭಿಸಿ ಎಂದಾಗ ದಾರಿ ತೋಚುವುದಿಲ್ಲ. ಹೆಸರು ಹೇಳಿ ಕಲಿತವರಿಗೆ ಆ ತೊಂದರೆ ಇರುವುದಿಲ್ಲ. ಇಲ್ಲಿ ಕೇಳಿಸಿಕೊಳ್ಳಬೇಕಾದದ್ದು ಎರಡು: ಎಲ್ಲ ಸ್ವರಗಳೂ ಒಂದೇ ಗಾತ್ರದಲ್ಲಿವೆಯೇ, ಮತ್ತು ಒಂದು ಸ್ವರ ಮುಗಿದು ಇನ್ನೊಂದು ಆರಂಭವಾಗುವ ನಡುವೆ ಖಾಲಿ ಜಾಗ ಉಳಿಯುತ್ತಿದೆಯೇ. ಕಿರುಬೆರಳಿನ ಸ್ವರ ಕ್ಷೀಣವಾಗಿ, ತಂತಿ ಬದಲಾದಾಗಿನ ಸ್ವರ ಒರಟಾಗಿ ಕೇಳುವುದು ಸಹಜ. ಅವೆರಡನ್ನೂ ಸರಿಪಡಿಸಲೆಂದೇ ಈ ಹಂತವಿದೆ.

ಹಂತ 5: ಮೆಟ್ರೊನೋಮ್ ಜೊತೆಗೆ

ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಬಡಿತಕ್ಕೊಂದು ಸ್ವರ ನುಡಿಸಿ. ಬಳಿಕ ಅದೇ ಬಡಿತಕ್ಕೆ ಎರಡು, ಕೊನೆಗೆ ನಾಲ್ಕು. ತಪ್ಪಿಲ್ಲದೆ, ಕೈ ಬಿಗಿಯಾಗದೆ ಸತತ ಮೂರು ಸಲ ಬಂದರೆ ಬಡಿತವನ್ನು 4ರಷ್ಟು ಏರಿಸಿ; ಕೆಟ್ಟರೆ 10ರಷ್ಟು ಇಳಿಸಿ. ದಿನದ ಕೊನೆಯ ಸುತ್ತು ಯಾವಾಗಲೂ ಸುಲಭವಾದ ವೇಗದಲ್ಲಿರಲಿ.

ನಿಧಾನವಾಗಿ ನುಡಿಸಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ, ಆದರೆ ಅದರಲ್ಲಿ ಒಂದು ಸೂಕ್ಷ್ಮವಿದೆ. ಸ್ವರಗಳ ನಡುವಿನ ಅವಧಿ ದೀರ್ಘವಾಗಿರಬೇಕೇ ಹೊರತು ಬೆರಳಿನ ಚಲನೆ ಮಂದವಾಗಿರಬಾರದು. ಒಂದು ಸ್ವರದಿಂದ ಕೈಯನ್ನು ಎಳೆದಾಡುತ್ತ ಇನ್ನೊಂದಕ್ಕೆ ತೇಲಿಸಿಕೊಂಡು ಹೋದರೆ ನೀವು ಕಲಿಯುವುದು ವೇಗದಲ್ಲಿ ಎಂದೂ ಉಪಯೋಗಕ್ಕೆ ಬಾರದ ಚಲನೆಯನ್ನು. ಸ್ವರ ಪೂರ್ತಿ ನುಡಿಯಲಿ, ಮುಂದಿನ ಬೆರಳು ತನ್ನ ಸ್ಥಾನದ ಮೇಲೆ ಸಿದ್ಧವಾಗಿ ಕಾಯಲಿ, ಸಮಯ ಬಂದಾಗ ಚಟ್ಟನೆ ಇಳಿಯಲಿ.

ವೇಗವನ್ನು ಬರಿಯ 4 ಬಡಿತಗಳ ಏರಿಕೆಯಿಂದಲೇ ಪಡೆಯಲಾಗದು ಎಂಬುದೂ ನಿಜ. ಒಂದು ಮಟ್ಟ ತಲುಪಿದ ಮೇಲೆ ಐದೇ ಸ್ವರಗಳ ತುಣುಕನ್ನು ಆಯ್ದು, ನಿಮ್ಮ ಅಭ್ಯಾಸದ ವೇಗಕ್ಕಿಂತ ಸಾಕಷ್ಟು ಹೆಚ್ಚಿನ ವೇಗದಲ್ಲಿ ಒಮ್ಮೆ ನುಡಿಸಿ ನಿಲ್ಲಿ, ಕೈಯನ್ನು ಸಡಿಲಿಸಿ, ಮತ್ತೆ ನುಡಿಸಿ. ತುಣುಕು ಚಿಕ್ಕದಾಗಿರುವುದರಿಂದ ಬಿಗಿತ ಶೇಖರವಾಗುವುದಿಲ್ಲ, ವೇಗದ ಚಲನೆ ಹೇಗಿರುತ್ತದೆಂದು ಕೈಗೆ ತಿಳಿಯುತ್ತದೆ. ನಂತರ ಏಳು, ಒಂಬತ್ತು ಸ್ವರಗಳಿಗೆ ಹಿಗ್ಗಿಸಿ.

ಹಂತ 6: ಸ್ಕೇಲ್ ಅನ್ನು ಮುರಿಯಿರಿ

ಏರಿ ಇಳಿಯುವುದನ್ನೇ ಮಾಡುತ್ತಿದ್ದರೆ ಕೆಲವೇ ವಾರಗಳಲ್ಲಿ ಬೆರಳುಗಳು ಯೋಚಿಸದೆ ಓಡತೊಡಗುತ್ತವೆ, ಮೇಲೆ ಹೇಳಿದ ಬಿಡುವು ವ್ಯರ್ಥವಾಗತೊಡಗುತ್ತದೆ. ಕರ್ನಾಟಕ ಸಂಗೀತದ ಪಾಠದಲ್ಲಿ ಸರಳೆ ವರಸೆಯಿಂದ ಜಂಟಿ ವರಸೆಗೆ, ಅಲಂಕಾರಗಳಿಗೆ ಸಾಗುವ ಕ್ರಮದ ಹಿಂದಿರುವ ತಿಳಿವಳಿಕೆಯೇ ಇಲ್ಲಿಯೂ ಬೇಕು. ನಾಲ್ಕು ನಾಲ್ಕು ಸ್ವರಗಳ ಗುಂಪು ಮಾಡಿ: ಜಿ-ಎ-ಬಿ-ಸಿ, ಎ-ಬಿ-ಸಿ-ಡಿ, ಬಿ-ಸಿ-ಡಿ-ಇ. ಒಂದು ಸ್ವರ ಬಿಟ್ಟು ಒಂದನ್ನು ನುಡಿಸಿ: ಜಿ-ಬಿ, ಎ-ಸಿ, ಬಿ-ಡಿ. ಉದ್ದ-ಗಿಡ್ಡ, ಗಿಡ್ಡ-ಉದ್ದ ಎಂದು ಲಯ ಬದಲಿಸಿ. ಏರುವಾಗ ಮೆದುವಿನಿಂದ ಗಟ್ಟಿಗೆ, ಇಳಿಯುವಾಗ ಗಟ್ಟಿಯಿಂದ ಮೆದುವಿಗೆ ಬನ್ನಿ. ಒಂದು ದಿನಕ್ಕೆ ಇವುಗಳಲ್ಲಿ ಒಂದೇ ಸಾಕು.

ಒಂದೇ ತಂತಿಯ ಮೇಲೆ ಸ್ಕೇಲ್ ನುಡಿಸುವುದನ್ನೂ ಬಿಡಬೇಡಿ. ಎರಡನೆಯ ತಂತಿಯ 1, 3, 5, 6, 8, 10, 12, 13ನೆಯ ಫ್ರೆಟ್‌ಗಳಲ್ಲಿ ಸಿ ಮೇಜರ್ ಸಿಗುತ್ತದೆ. ಪೂರ್ಣ ಸ್ವರ, ಅರ್ಧ ಸ್ವರಗಳ ಅಂತರ ಇಲ್ಲಿ ಕಣ್ಣಿಗೇ ಕಾಣುತ್ತದೆ. ಜೊತೆಗೆ ಕೈಯನ್ನು ಕತ್ತಿನ ಉದ್ದಕ್ಕೂ ಸರಿಸುವ ಅಭ್ಯಾಸವೂ ಆಗುತ್ತದೆ. ಸರಿಯುವ ಮೊದಲು ಒತ್ತಡ ಬಿಡಿ, ತಂತಿಯ ಸ್ಪರ್ಶ ಬಿಡಬೇಡಿ.

ತತ್‌ಕ್ಷಣ ಸ್ವಂತವಾಗಿ ನುಡಿಸುವ ಆಸೆಯಿರುವವರು ಎ ಮೈನರ್ ಪೆಂಟಟಾನಿಕ್ (ಐದು ಸ್ವರಗಳ) ಸ್ಕೇಲ್ ಅನ್ನು ಸೇರಿಸಿಕೊಳ್ಳಬಹುದು: ಆರನೆಯ, ಎರಡನೆಯ, ಒಂದನೆಯ ತಂತಿಗಳಲ್ಲಿ ಫ್ರೆಟ್ 5, 8, ಉಳಿದ ಮೂರು ತಂತಿಗಳಲ್ಲಿ 5, 7.

ಹಂತ 7: ಹಾಡಿಗೆ ಮರಳಿ

ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟುಹೋಗುವ ಹಂತ ಇದು. ಆರಂಭದಲ್ಲಿ ಹೇಳಿದ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ನೀವು ಈಗ ಕಲಿಯುತ್ತಿರುವ ಹಾಡಿನಲ್ಲಿ ಪ್ರತಿ ಸಲವೂ ಕೆಡುವ ಜಾಗವನ್ನು ಗುರುತಿಸಿ. ಇಡೀ ಸಾಲನ್ನಲ್ಲ, ಎರಡು ಸ್ವರಗಳ ನಡುವಿನ ಆ ಒಂದು ಸಂದನ್ನು. ಅಲ್ಲಿ ಏನಾಗುತ್ತಿದೆ ಎಂದು ಪರೀಕ್ಷಿಸಿ: ಬೆರಳು ತಡವಾಗುತ್ತಿದೆಯೇ, ತಂತಿ ಬದಲಿಸುವಾಗ ಮೀಟು ತಪ್ಪುತ್ತಿದೆಯೇ, ಕೈ ಸರಿಯುವಾಗ ಗುರಿ ತಪ್ಪುತ್ತಿದೆಯೇ? ಒತ್ತುವ ಕೈಯನ್ನು ಮಾತ್ರ, ಆಮೇಲೆ ಮೀಟುವ ಕೈಯನ್ನು ಮಾತ್ರ ಆಡಿಸಿ ನೋಡಿದರೆ ಕಾರಣ ಸಾಮಾನ್ಯವಾಗಿ ಹೊರಬೀಳುತ್ತದೆ. ಆ ತೊಂದರೆಯನ್ನೇ ಮೂರು ನಾಲ್ಕು ಸ್ವರಗಳ ಸಾಧನೆಯಾಗಿ ಕಟ್ಟಿಕೊಳ್ಳಿ. ಬೇರೆ ತಂತಿಗಳ ಮೇಲೂ ಬೇರೆ ಫ್ರೆಟ್‌ಗಳಲ್ಲೂ ನುಡಿಸಿ. ಅದೇ ದಿನ, ಅದೇ ಕೂರುವಿಕೆಯಲ್ಲಿ ಹಾಡಿನ ಆ ಜಾಗಕ್ಕೆ ಮರಳಿ. ಸಾಧನೆ ಬೆಳಿಗ್ಗೆ, ಹಾಡು ಸಂಜೆ ಎಂದು ಬೇರ್ಪಡಿಸಿದರೆ ಒಂದರ ಫಲ ಇನ್ನೊಂದಕ್ಕೆ ದಾಟುವುದು ಕಷ್ಟವಾಗುತ್ತದೆ.

ಸ್ಕೇಲ್‌ಗೂ ಇದೇ ಬಗೆಯ ಜೋಡಣೆ ಬೇಕು. ಜಿ ಮೇಜರ್ ಕಾರ್ಡ್ ಅನ್ನು ಒಂದೆರಡು ನಿಮಿಷ ಬಾರಿಸಿ ರೆಕಾರ್ಡ್ ಮಾಡಿಕೊಂಡು, ಅದರ ಮೇಲೆ ಜಿ ಮೇಜರ್ ಸ್ಕೇಲ್‌ನ ಸ್ವರಗಳನ್ನು ಮನಬಂದಂತೆ ನುಡಿಸಿ. ಆದರೆ ನಿಲ್ಲುವುದು ಮಾತ್ರ ಕಾರ್ಡ್‌ನ ಸ್ವರಗಳಾದ ಜಿ, ಬಿ, ಡಿಗಳ ಮೇಲೆ. ಬಳಿಕ ಬೇಕೆಂದೇ ಸಿ ಸ್ವರದ ಮೇಲೆ ನಿಂತು, ಅದು ಬಿ ಸ್ವರಕ್ಕೆ ಇಳಿಯಲು ಹೇಗೆ ಎಳೆಯುತ್ತದೆಂದು ಕೇಳಿ. ಸ್ಕೇಲ್‌ನ ಪ್ರತಿ ಸ್ವರಕ್ಕೂ ತನ್ನದೇ ಸ್ವಭಾವವಿದೆಯೆಂದು ಕಿವಿಗೆ ಮನವರಿಕೆಯಾಗುವುದು ಹೀಗೆ.

ಸಮಯ ಹಂಚಿಕೆ ಮತ್ತು ನೋವಿನ ಬಗ್ಗೆ

ದಿನಕ್ಕೆ ಒಂದು ಗಂಟೆ ಸಿಗುವವರು ಸಾಧನೆಗೆ 20 ನಿಮಿಷ ಕೊಟ್ಟರೆ ಸಾಕು. ಅರ್ಧ ಗಂಟೆ ಮಾತ್ರ ಇರುವವರಿಗೆ 10 ನಿಮಿಷ. ವಾರಕ್ಕೊಮ್ಮೆ ಎರಡು ಗಂಟೆ ಕೂರುವುದಕ್ಕಿಂತ ದಿನವೂ ಸ್ವಲ್ಪ ಮಾಡುವುದು ಎಷ್ಟೋ ಮೇಲು, ಏಕೆಂದರೆ ಚಲನೆಯ ಕಲಿಕೆ ಗಟ್ಟಿಗೊಳ್ಳಲು ನಡುವೆ ಬಿಡುವೂ ನಿದ್ದೆಯೂ ಬೇಕು.

ಮೊದಲ ವಾರಗಳಲ್ಲಿ ಬೆರಳ ತುದಿ ಉರಿಯುವುದು ಸಹಜ. ಚರ್ಮ ದಪ್ಪವಾದಂತೆ ಅದು ಹೋಗುತ್ತದೆ. ಆದರೆ ಮಣಿಕಟ್ಟು, ಮುಂಗೈ, ಮೊಣಕೈ ಅಥವಾ ಭುಜದಲ್ಲಿ ನೋವು ಬಂದರೆ, ಬೆರಳು ಜೋಮು ಹಿಡಿದರೆ, ತಕ್ಷಣ ನಿಲ್ಲಿಸಿ. ನೋವನ್ನು ಸಹಿಸಿಕೊಂಡು ನುಡಿಸಿದರೆ ಬಲ ಬರುತ್ತದೆಂಬುದು ಅಪಾಯಕಾರಿ ನಂಬಿಕೆ. ವಿಶ್ರಾಂತಿಯ ನಂತರವೂ ಮರುಕಳಿಸಿದರೆ ವೈದ್ಯರನ್ನು ಕಾಣಿ, ನೀವು ನುಡಿಸುವ ಭಂಗಿಯನ್ನೂ ಅವರಿಗೆ ತೋರಿಸಿ.

ನೋಟ್‌ಬುಕ್‌ನಲ್ಲಿ ದಿನಾಂಕ, ಯಾವ ಸಾಧನೆ, ಎಷ್ಟು ಬಡಿತ, ಏನನ್ನು ಗಮನಿಸಿದಿರಿ ಎಂಬ ನಾಲ್ಕನ್ನು ಬರೆದಿಡಿ. ತಿಂಗಳಿಗೊಮ್ಮೆ ಒಂದೇ ಸ್ಕೇಲ್ ಅನ್ನು ಒಂದೇ ವೇಗದಲ್ಲಿ ರೆಕಾರ್ಡ್ ಮಾಡಿ ಹಿಂದಿನದರೊಂದಿಗೆ ಹೋಲಿಸಿ. ಯಾವ ತೊಂದರೆಗೆಂದು ಒಂದು ಸಾಧನೆಯನ್ನು ಆರಂಭಿಸಿದಿರೋ, ಹಾಡಿನಲ್ಲಿ ಆ ತೊಂದರೆ ಮೂರು ವಾರಗಳಲ್ಲಿ ಸ್ವಲ್ಪವೂ ಕಡಿಮೆಯಾಗದಿದ್ದರೆ, ಸಾಧನೆಯ ವೇಗ ಹೆಚ್ಚಿಸಬೇಡಿ. ಅದನ್ನು ಬಿಟ್ಟು ಏಳನೆಯ ಹಂತದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಕಾರಣ ಬೇರೆಡೆ ಇದೆಯೇ ನೋಡಿ.